ಬೆನ್ನು ಬಿಡದ ನೋಟ್‌ಬುಕ್ಕು: 192 ಪುಟ, ಕೈಹೊಲಿಗೆ, 160 ರೂಪಾಯಿ

ಪುಸ್ತಕ ಯಾವುದೇ ಇರಲಿ, ಕೈಗೆ ಬಂದ ಕೂಡಲೇ ನಟ್ಟನಡುವೆ ತೆರೆದು, ಎರಡೂ ರಟ್ಟು ಹಿಂದಕ್ಕೆ ಮಡಿಚಿ, ಕಿವಿಯ ಹತ್ತಿರ ಹಿಡಿಯುವುದು ನನ್ನ ಅಭ್ಯಾಸ. ಬರೀ ಗೋಂದು ಬಳಿದ ಪುಸ್ತಕವಾದರೆ ಬೆನ್ನು ಚಟ್ ಅನ್ನುತ್ತದೆ. ಅಂದಿತೋ, ವರ್ಷ ತುಂಬುವುದರೊಳಗೆ ಹಾಳೆ ಉದುರುತ್ತವೆ ಎಂದೇ ಲೆಕ್ಕ. ದಾರ ಹಾಕಿ ಹೊಲಿದ ಪುಸ್ತಕ ಸದ್ದು ಮಾಡುವುದಿಲ್ಲ.

ಗದಗಿನಲ್ಲಿ 38 ವರ್ಷ ಪ್ರೆಸ್ಸು ನಡೆಸಿದವನು ನಾನು. ಮೊದಲು ಮೊಳೆ ಜೋಡಿಸಿ ಟ್ರೆಡಲ್ ಮೇಲೆ, ಆಮೇಲೆ ಆಫ್‌ಸೆಟ್. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ಹಾಜರಿ ಪುಸ್ತಕ, ದೀಪಾವಳಿ ಬಂತೆಂದರೆ ಅಡತಿ ಅಂಗಡಿಯವರ ಲೆಕ್ಕದ ಪುಸ್ತಕಗಳು, ಅಂದರೆ ಕಿರ್ದಿ, ಖತಾವಣಿ. 2019ರಲ್ಲಿ ಮಶೀನು ಮಾರಿ ಹೈದರಾಬಾದಿಗೆ, ಮಗಳ ಮನೆಗೆ ಬಂದೆ. ಇಲ್ಲಿ ನನಗೆ ಉಳಿದಿರುವ ಕಸುಬು ಇಷ್ಟೇ: ದಿನದ ಖರ್ಚು ಬರೆಯುವುದು, ಮೊಮ್ಮಗಳ ಪುಸ್ತಕಗಳಿಗೆ ರಟ್ಟು ಹಾಕುವುದು, ಅಂಗಡಿಯಲ್ಲಿ ಸಿಕ್ಕ ಪುಸ್ತಕದ ಬೆನ್ನು ಹಿಚುಕುವುದು.

ಕಳೆದ ಎಂಟು ತಿಂಗಳಿಂದ ನಾನು ದಿನವೂ ಬರೆಯುತ್ತಿರುವ ಒಂದು ನೋಟ್‌ಬುಕ್ಕಿನ ಬಗ್ಗೆ ಹೇಳಬೇಕಾಗಿದೆ. ಮಾಡಿದವರು ಇಲ್ಲಿನ ಒಂದು ಸಣ್ಣ ಬೈಂಡಿಂಗ್ ಘಟಕದ ಹೆಣ್ಣುಮಕ್ಕಳು. ಕೆಲಸ ಕೊಡಿಸುತ್ತೇವೆ, ಮದುವೆ ಮಾಡಿಸುತ್ತೇವೆ ಎಂದು ನಂಬಿಸಿ ಮಾರಲ್ಪಟ್ಟು, ಬಿಡುಗಡೆಯಾಗಿ ಬಂದವರಿಗೆ ಕಸುಬು ಕಲಿಸುವ ಜಾಗ ಅದು. ಹೆಸರು, ವಿಳಾಸ ಬರೆಯುವುದಿಲ್ಲ. ಮಾರಿದವರು ಜಾಮೀನಿನ ಮೇಲೆ ಹೊರಗಿರುತ್ತಾರೆ, ಸಾಕ್ಷಿ ಹೇಳಬೇಕಾದ ಹುಡುಗಿಯನ್ನು ಹುಡುಕಿಕೊಂಡು ಬರುತ್ತಾರೆ. ಆದ್ದರಿಂದ ಅವರ ಬಿಲ್ಲಿನ ಮೇಲೂ ಒಂದು ಫೋನ್ ನಂಬರು ಬಿಟ್ಟರೆ ಬೇರೆ ಗುರುತಿಲ್ಲ.

ಮಗಳ ಆಫೀಸಿನ ಆವರಣದಲ್ಲಿ ಎರಡು ದಿನ ಮಾರಾಟ ಮೇಳ ಇತ್ತು. ಉಪ್ಪಿನಕಾಯಿ, ಸೀರೆ, ಮಣ್ಣಿನ ದೀಪ ಎಲ್ಲ ದಾಟಿ ಮೂಲೆಯ ಟೇಬಲ್ಲಿಗೆ ಬಂದೆ. ನೋಟ್‌ಬುಕ್ಕು, ಫೈಲು, ಕಟ್ಟಿಗೆಯ ಟ್ರೇ ಇದ್ದವು. ಹಿಂದೆ ಇಬ್ಬರು ಹುಡುಗಿಯರು. ನಾನು ಎಂದಿನಂತೆ ಒಂದು ಪುಸ್ತಕ ಎತ್ತಿ ಬೆನ್ನು ಬಗ್ಗಿಸಿದೆ. ಮಗಳು "ಅಪ್ಪಾ, ಹರೀತದ, ಬಿಡು" ಅಂದಳು. ಟೇಬಲ್ಲಿನ ಹಿಂದಿದ್ದ ದೊಡ್ಡ ಹುಡುಗಿ, ಇಪ್ಪತ್ತೈದು ಇದ್ದಿರಬಹುದು, ಹೈದರಾಬಾದಿ ಉರ್ದುವಿನಲ್ಲಿ ಹೇಳಿದಳು: "ಬಗ್ಗಿಸಲಿ ಬಿಡಿ ಅಕ್ಕಾ. ಚಾಚಾ, ಇನ್ನೂ ಬಗ್ಗಿಸಿ ನೋಡಿ." ಬಗ್ಗಿಸಿದೆ. ಸದ್ದಿಲ್ಲ. "ಜುಜ್?" ಎಂದು ಕೇಳಿದೆ. ಅವಳ ಹುಬ್ಬು ಮೇಲೇರಿತು. "ಹೌದು, ಜುಜ್. ಹನ್ನೆರಡು."

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಿಚಿದರೆ 16 ಪುಟವಾಗುತ್ತದೆ. ಅದು ಒಂದು ಫಾರಂ. ಪ್ರತಿ ಫಾರಮ್ಮಿನ ಮಡಿಕೆಯ ಒಳಗಿಂದ ಸೂಜಿ ಹಾಯಿಸಿ, ಒಂದನ್ನೊಂದಕ್ಕೆ ಕಟ್ಟುತ್ತಾ ಹೋಗುವುದನ್ನು ಹಳೆಯ ಬೈಂಡರುಗಳು ಜುಜ್ ಹೊಲಿಗೆ ಅನ್ನುತ್ತಾರೆ. ಇದರಲ್ಲಿ ಹಾಳೆ ಗೋಂದಿನ ಹಂಗಿನಲ್ಲಿ ಇರುವುದಿಲ್ಲ; ಗೋಂದು ಒಣಗಿ ಪುಡಿಯಾದರೂ ದಾರ ಹಿಡಿದಿರುತ್ತದೆ. ಈಗ ಅಂಗಡಿಯಲ್ಲಿ ಸಿಗುವ ಹತ್ತು ನೋಟ್‌ಬುಕ್ಕಿನಲ್ಲಿ ಒಂದೂ ಹೀಗಿರುವುದಿಲ್ಲ. ಬೆನ್ನು ಕತ್ತರಿಸಿ, ಬಿಸಿ ಗೋಂದು ಬಳಿದು, ಕವರು ಅಂಟಿಸಿ ಕಳಿಸುತ್ತಾರೆ.

ನಾವು ಹೀಗೆ ಮಾತಾಡುತ್ತಿದ್ದಾಗ ಆಫೀಸಿನ ಹೆಣ್ಣುಮಗಳೊಬ್ಬರು ಟೇಬಲ್ಲಿಗೆ ಬಂದರು. ಪುಸ್ತಕ ಮುಟ್ಟಲಿಲ್ಲ. ಬೋರ್ಡು ಓದಿ, ತಗ್ಗಿದ ದನಿಯಲ್ಲಿ, ಮರುಕ ತುಂಬಿಕೊಂಡು ಕೇಳಿದರು: "ನೀನೂ ಅಲ್ಲಿಂದಲೇ ಬಂದವಳಾ?" ಹುಡುಗಿ ಅವರ ಮುಖ ನೋಡಿ, ಪುಸ್ತಕ ಅವರತ್ತ ಸರಿಸಿ ಹೇಳಿದಳು: "192 ಪುಟ ಮೇಡಂ. ಗೆರೆ ಇರುವುದು 160, ಗೆರೆ ಇಲ್ಲದ್ದು 150." ಅವರು ಐನೂರರ ನೋಟು ಇಟ್ಟು, ಪುಸ್ತಕ ಬೇಡ, ಇಟ್ಟುಕೋ ಅಂದರು. ಹುಡುಗಿ ನೋಟನ್ನು ಅಲ್ಲೇ ಬಿಟ್ಟು ಮೂರು ಪುಸ್ತಕ ಎಣಿಸಿ ಚೀಲಕ್ಕೆ ಹಾಕಿ, 20 ರೂಪಾಯಿ ಚಿಲ್ಲರೆ ಸಮೇತ ಅವರ ಕೈಗೆ ಕೊಟ್ಟಳು.

ನಾನು ಎರಡು ಕೊಂಡೆ. ಒಂದರಲ್ಲಿ ಬರೆಯಲಿಕ್ಕೆ. ಇನ್ನೊಂದು ಬಿಚ್ಚಿ ನೋಡಲಿಕ್ಕೆ.

ಮನೆಗೆ ಬಂದವನೇ ಎರಡನೆಯದನ್ನು ಬ್ಲೇಡು ಹಾಕಿ ಬಿಚ್ಚಿದೆ. ಕೆಲಸ ಹೇಗಿದೆ ಎಂದು ಹೇಳಬೇಕಾದರೆ ಒಳಗೆ ನೋಡಲೇಬೇಕು. ನಾಲ್ಕು ತೂತು, ಎಲ್ಲ ಫಾರಮ್ಮಿನಲ್ಲೂ ಒಂದೇ ಅಳತೆ. ಅಂದರೆ ತೂತಿಗೆ ಪಟ್ಟಿ ಇಟ್ಟುಕೊಂಡು ದಬ್ಬಣ ಹಾಕಿದ್ದಾರೆ, ಕಣ್ಣಂದಾಜಿಗೆ ಬಿಟ್ಟಿಲ್ಲ. ದಾರಕ್ಕೆ ಮೇಣ ಸವರಿದ್ದಾರೆ. ಪ್ರತಿ ಫಾರಮ್ಮಿನ ತುದಿಯಲ್ಲಿ ದಾರ ಹಿಂದಿನ ಫಾರಮ್ಮಿನ ಕೆಳಗೆ ಹಾದು ಕೊಂಡಿ ಹಾಕಿದೆ. ಕಲಿಯುವವರು ತಪ್ಪುವುದು ಇಲ್ಲೇ. ಕೊಂಡಿ ಬಿಗಿಯಾದರೆ ಕಾಗದ ಹರಿಯುತ್ತದೆ, ಸಡಿಲಾದರೆ ಪುಸ್ತಕ ಓಲಾಡುತ್ತದೆ. ಇದರಲ್ಲಿ ಎಲ್ಲ ಕೊಂಡಿಯೂ ಒಂದೇ ಬಿಗಿ. ಬೆನ್ನಿಗೆ ತೆಳು ಜಾಳಿಬಟ್ಟೆ, ಅದರ ಮೇಲೆ ಮೈದಾ ಅಂಟು. ಮೂಸಿ ನೋಡಿದೆ, ಅಂಟಿನ ಬಣ್ಣವೂ ನೋಡಿದೆ, ಮೈಲುತುತ್ತ ಹಾಕಿದ್ದಾರೆ. ಹಾಕದಿದ್ದರೆ ಜಿರಲೆ ಬೆನ್ನನ್ನೇ ತಿನ್ನುತ್ತದೆ. ರಟ್ಟಿಗೆ ಸುತ್ತಿದ್ದು ಮಂಗಳಗಿರಿ ಹತ್ತಿಬಟ್ಟೆ, ಗಾಢ ನೀಲಿ. ನಾಲ್ಕು ಮೂಲೆಯ ಮಡಿಕೆಯೂ ಸಪಾಟು.

ರೇಟಿನ ಮಾತು. ಇಲ್ಲಿನ ಕೋಠಿ ಪೇಟೆಯ ಅಂಗಡಿಯಲ್ಲಿ ಇಷ್ಟೇ ಪುಟದ, ಗೋಂದಿನ ನೋಟ್‌ಬುಕ್ಕು 110ಕ್ಕೆ ಸಿಕ್ಕಿತು. ಇದಕ್ಕೆ 50 ಹೆಚ್ಚು. ಕಾಗದ, ರಟ್ಟು, ಬಟ್ಟೆ, ದಾರ ಎಲ್ಲ ಸೇರಿ ನನ್ನ ಲೆಕ್ಕದಲ್ಲಿ 65ರಿಂದ 70 ಬೀಳುತ್ತದೆ. ಉಳಿದದ್ದರಲ್ಲಿ ಮಡಿಚುವ, ಹೊಲಿಯುವ, ರಟ್ಟು ಹಾಕುವ ಕೂಲಿ. ಒಂದು ಪುಸ್ತಕ ಹೊಲಿಯಲು ಪಳಗಿದ ಕೈಗೂ ಇಪ್ಪತ್ತು ನಿಮಿಷ ಬೇಕು. ಹಾಗಾಗಿ 160 ನ್ಯಾಯದ ರೇಟು. ಚೌಕಾಸಿ ಮಾಡಬೇಡಿ, ಮೇಲೆ ಕೊಡಲೂ ಹೋಗಬೇಡಿ.

ಆ ಹೆಣ್ಣುಮಗಳು ನೋಟು ಇಟ್ಟದ್ದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಒಂದು ರಾತ್ರಿ ಮೊಮ್ಮಗಳು "ಅಜ್ಜಾ, ಇದನ್ನ ಕೇಳು" ಎಂದು ಮೊಬೈಲಿನಲ್ಲಿ ಒಂದು ಭಾಷಣ ಹಾಕಿಕೊಟ್ಟಳು. 2009ರ ನವೆಂಬರಿನಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ನಡೆದ ಟೆಡ್ ಇಂಡಿಯಾ ಸಮಾವೇಶ. ಮಾತಾಡಿದವರು, ಮಾರಾಟವಾದ ಹೆಣ್ಣುಮಕ್ಕಳನ್ನು ಬಿಡಿಸಿ ತರುವ ಸುನೀತಾ ಕೃಷ್ಣನ್. ಕುಳ್ಳಗಿನ ಹೆಣ್ಣುಮಗಳು, ಕಣ್ಣೀರಿಲ್ಲ, ದನಿಯಲ್ಲಿ ನಡುಕವಿಲ್ಲ. ಸಿಟ್ಟು ಮಾತ್ರ ಇದೆ, ಅದೂ ಹದ ಮಾಡಿಟ್ಟ ಸಿಟ್ಟು. ಕೊನೆಗೆ ಅವರು ಸಭೆಯ ಮುಂದೆ ಹಣದ ಸೆರಗು ಒಡ್ಡಲಿಲ್ಲ. ನೀವು ಚಪ್ಪಾಳೆ ತಟ್ಟುತ್ತೀರಿ, ದಾನವನ್ನೂ ಕೊಡುತ್ತೀರಿ, ಆದರೆ ಈ ಹುಡುಗಿಯರಲ್ಲಿ ಒಬ್ಬಳನ್ನು ನಿಮ್ಮ ಮನೆಗೆಲಸಕ್ಕೆ ಇಟ್ಟುಕೊಳ್ಳುತ್ತೀರಾ ಎಂಬ ಅರ್ಥದ ಮಾತು ಆಡಿದರು. ನನಗೆ ಅಲ್ಲಿಗೇ ಮೊಬೈಲು ಕೆಳಗಿಡಬೇಕಾಯಿತು. ಯಾಕೆಂದು ಆಮೇಲೆ ಹೇಳುತ್ತೇನೆ.

ನೋಟ್‌ಬುಕ್ಕು ಮಾಡಿದ ಘಟಕ ಸುನೀತಾ ಅವರದಲ್ಲ, ಬೇರೆಯವರದು. ಆದರೆ ಈ ಊರಲ್ಲಿ ಬಿಡುಗಡೆಯಾಗಿ ಬಂದ ಹೆಣ್ಣುಮಕ್ಕಳ ಕೈಗೆ ಹೊಲಿಗೆ ಮಶೀನು, ಉಪ್ಪಿನಕಾಯಿ ಭರಣಿ ಬಿಟ್ಟು ಬೇರೆಯದನ್ನೂ ಕೊಡಬಹುದು ಎಂದು ತೋರಿಸಿದವರು ಅವರು. ಅವರ ಪ್ರಜ್ವಲಾ ಸಂಸ್ಥೆಯಲ್ಲಿ ಬಡಗಿತನ, ವೆಲ್ಡಿಂಗ್, ಮುದ್ರಣ, ಬುಕ್ ಬೈಂಡಿಂಗ್ ಕಲಿಸಿದರು. ಗಾರೆ ಕೆಲಸ, ಕಾವಲು ಕೆಲಸ, ಟ್ಯಾಕ್ಸಿ ಓಡಿಸುವ ಕೆಲಸಕ್ಕೂ ಅಲ್ಲಿಂದ ಹೆಣ್ಣುಮಕ್ಕಳು ಹೋದರು. ಪ್ರೆಸ್ಸಿನವನಾದ ನನಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ. ನಮ್ಮ ಕಸುಬಿನಲ್ಲಿ ಹೆಂಗಸರಿಗೆ ಸಿಗುತ್ತಿದ್ದುದು ಮಡಿಚುವ ಕೆಲಸ ಒಂದೇ, ಅದೂ ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಕಟಿಂಗ್ ಮಶೀನಿನ ಹತ್ತಿರ ಅವರನ್ನು ನಾವ್ಯಾರೂ ಬಿಟ್ಟಿರಲಿಲ್ಲ.

ಸುನೀತಾ ಹುಟ್ಟಿದ್ದು 1972ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಮನೆಯವರು ಪಾಲಕ್ಕಾಡು ಮೂಲದ ಮಲಯಾಳಿಗಳು. ತಂದೆ ಸರ್ವೆ ಇಲಾಖೆಯಲ್ಲಿದ್ದರು, ದೇಶದ ನಕ್ಷೆ ತಯಾರಿಸುವ ಕೆಲಸ, ಊರಿಂದೂರಿಗೆ ವರ್ಗ. ಎಂಟು ವರ್ಷದ ಹುಡುಗಿ ಬುದ್ಧಿಮಾಂದ್ಯ ಮಕ್ಕಳಿಗೆ ಕುಣಿತ ಕಲಿಸುತ್ತಿದ್ದಳಂತೆ. ಹನ್ನೆರಡಕ್ಕೆ ಕೊಳೆಗೇರಿಯ ಮಕ್ಕಳಿಗೆ ಪಾಠ. ಹದಿನೈದಕ್ಕೆ ದಲಿತರ ಕೇರಿಯಲ್ಲಿ ಅಕ್ಷರ ಕಲಿಸಲು ಹೋಗುತ್ತಿದ್ದಾಗ ಎಂಟು ಮಂದಿ ಸೇರಿ ಅತ್ಯಾಚಾರ ಮಾಡಿದರು. ಇದನ್ನು ಅವರೇ ಊರೆದುರು, ಹೆಸರು ಮರೆಸದೆ ಹೇಳಿದ್ದಾರೆ, ಆದ್ದರಿಂದ ಬರೆಯುತ್ತಿದ್ದೇನೆ. ಆ ಘಟನೆಗಿಂತ ಹೆಚ್ಚಾಗಿ, ಅದರ ನಂತರ ಜನ ತಮ್ಮನ್ನು ನೋಡಿದ ರೀತಿ, ದೂರ ಇಟ್ಟ ರೀತಿ ತಮ್ಮನ್ನು ಕೆಣಕಿತು ಎಂಬುದು ಅವರ ಮಾತಿನ ತಿರುಳು. ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ ಪದವಿ, ಮಂಗಳೂರಿನ ರೋಶನಿ ನಿಲಯದಲ್ಲಿ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ.

1996ರ ವಿಶ್ವ ಸುಂದರಿ ಸ್ಪರ್ಧೆ ನೆನಪಿರುವವರಿಗೆ ಆ ನವೆಂಬರ್ ನೆನಪಿರುತ್ತದೆ. ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಪೊಲೀಸರೋ ಪೊಲೀಸರು. ರೈತ ಸಂಘದವರು, ಮಹಿಳಾ ಸಂಘಟನೆಯವರು, ಎಡದವರು, ಬಲದವರು, ತಮ್ಮ ತಮ್ಮ ಕಾರಣ ಹಿಡಿದು ಎಲ್ಲರೂ ಬೀದಿಗಿಳಿದಿದ್ದರು. ಗದಗಿನಲ್ಲಿ ನನ್ನ ಟ್ರೆಡಲ್ ಮೇಲೂ ಎರಡು ಸಾವಿರ ಕರಪತ್ರ ಅಚ್ಚಾಗಿದ್ದವು, ಕೆಂಪು ಶಾಯಿಯಲ್ಲಿ. ಆ ಪ್ರತಿಭಟನೆಯಲ್ಲಿ ಸೆರೆಯಾಗಿ ಸುಮಾರು ಎರಡು ತಿಂಗಳು ಜೈಲಿನಲ್ಲಿದ್ದವರಲ್ಲಿ ಸುನೀತಾ ಕೂಡ ಒಬ್ಬರು ಎಂದು ನನಗೆ ತಿಳಿದದ್ದು ಈಗ, ಇಪ್ಪತ್ತೆಂಟು ವರ್ಷ ದಾಟಿದ ಮೇಲೆ.

ಅದೇ 1996ರಲ್ಲಿ ಹೈದರಾಬಾದಿನ ಹಳೆಯ ಊರಿನ ಮೆಹಬೂಬ್ ಕಿ ಮೆಹೆಂದಿ ಎಂಬ ವೇಶ್ಯಾವಾಟಿಕೆಯ ಕೇರಿಯನ್ನು ಸರ್ಕಾರ ಒಕ್ಕಲೆಬ್ಬಿಸಿತು. ತಲೆಮಾರುಗಳಿಂದ ಅಲ್ಲಿದ್ದ ಹೆಂಗಸರು ಮಕ್ಕಳ ಸಮೇತ ಬೀದಿಪಾಲಾದರು. ಸುನೀತಾ ಮತ್ತು ಮಾಂಟ್‌ಫೋರ್ಟ್ ಎಂಬ ಕ್ರೈಸ್ತ ಸಭೆಯ ಬ್ರದರ್ ಜೋಸ್ ವೆಟ್ಟಿಕಾಟ್ಟಿಲ್ ಆ ಹೆಂಗಸರನ್ನು ನಿಮಗೇನು ಬೇಕು ಎಂದು ಕೇಳಿದರು. ನಮಗೆ ಆದದ್ದು ಆಯಿತು, ಮಕ್ಕಳಿಗೆ ಅಕ್ಷರ ಕೊಡಿ ಅಂದರು ಅವರು. ಖಾಲಿಯಾದ ಒಂದು ವೇಶ್ಯಾಗೃಹದಲ್ಲೇ ಶಾಲೆ ಶುರುವಾಯಿತು, ಐದು ಮಕ್ಕಳಿಂದ. ಪ್ರಜ್ವಲಾ ಹುಟ್ಟಿದ್ದು ಹೀಗೆ. ಮೊದಲ ವರ್ಷಗಳಲ್ಲಿ ಸುನೀತಾ ತಮ್ಮ ಒಡವೆ, ಮನೆಯ ಸಾಮಾನು ಮಾರಿ ನಡೆಸಿದರಂತೆ. ಮೈಸೂರಿನ ಆ ಭಾಷಣದ ಹೊತ್ತಿಗೆ ಅವರು ಮತ್ತು ಅವರ ತಂಡ ಬಿಡಿಸಿ ತಂದ ಹೆಣ್ಣುಮಕ್ಕಳು 3,200ಕ್ಕೂ ಹೆಚ್ಚು. ಬಿಡಿಸಲು ಹೋದಾಗ ಬಿದ್ದ ಏಟಿಗೆ ಅವರ ಒಂದು ಕಿವಿ ಹೋಗಿದೆ. ಜೊತೆಗಿದ್ದ ಒಬ್ಬ ಕಾರ್ಯಕರ್ತರ ಕೊಲೆಯೇ ಆಯಿತು. 2016ರಲ್ಲಿ ಪದ್ಮಶ್ರೀ ಬಂತು.

ಇನ್ನೊಂದು ವಿಷಯ ಹೇಳದೆ ಇರಲಾರೆ, ಯಾಕೆಂದರೆ ನಾನೂ ಅಚ್ಚಿನ ಮನೆಯವನು, ಏನನ್ನು ಹಂಚಬೇಕು ಏನನ್ನು ಹಂಚಬಾರದು ಎಂಬ ಪ್ರಶ್ನೆ ನನ್ನ ಕಸುಬಿನದೂ ಹೌದು. 2015ರಲ್ಲಿ ಗುಂಪು ಅತ್ಯಾಚಾರದ ವಿಡಿಯೊಗಳು ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹರಿದಾಡುತ್ತಿದ್ದವು. ಅವು ಸುನೀತಾ ಅವರಿಗೂ ಬಂದವು. ಅವರು ಹೆಣ್ಣಿನ ಮುಖ ಮರೆಮಾಡಿ, ಗಂಡಸರ ಮುಖ ಮಾತ್ರ ಕಾಣುವಂತೆ ಮಾಡಿ, ಇವರನ್ನು ಗುರುತಿಸಿ ಎಂದು ಹೊರಗೆ ಹಾಕಿದರು. ಅವರ ಕಾರಿಗೆ ಕಲ್ಲು ಬಿತ್ತು. ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ನಮ್ಮ ಚಿಕ್ಕಮಗಳೂರು ಕಡೆಯ ಎಚ್.ಎಲ್. ದತ್ತು. 2015ರ ಫೆಬ್ರುವರಿ 18ರ ಆ ಪತ್ರವನ್ನೇ ಕೋರ್ಟು ಅರ್ಜಿಯಾಗಿ ಎತ್ತಿಕೊಂಡು ಸಿಬಿಐಗೆ ತನಿಖೆ ಒಪ್ಪಿಸಿತು. ಇಂಥ ವಿಡಿಯೊ ಬಗ್ಗೆ ದೂರು ಕೊಡಲು 2018ರಲ್ಲಿ ಕೇಂದ್ರ ಸರ್ಕಾರ ತೆರೆದ ಸೈಬರ್ ಅಪರಾಧ ಪೋರ್ಟಲ್ಲಿನ ಹಿಂದೆ ಆ ಪತ್ರ ಇದೆ.

ಈಗ ನಾನು ಮೊಬೈಲು ಕೆಳಗಿಟ್ಟ ವಿಷಯ.

1990ರ ದಶಕದ ನಡುವೆ ನನ್ನ ಪ್ರೆಸ್ಸಿಗೆ ಬೆಟಗೇರಿಯಿಂದ ಒಬ್ಬ ಹುಡುಗಿ ಮಡಿಚುವ ಕೆಲಸಕ್ಕೆ ಬರುತ್ತಿದ್ದಳು. ಹದಿನಾರೋ ಹದಿನೇಳೋ. ಹೆಸರು ಬರೆಯುವುದಿಲ್ಲ. ಮಡಿಚುವವರು ಸಾಮಾನ್ಯವಾಗಿ ಮಡಿಕೆ ಕೂರಿಸಲು ಬಿದಿರಿನ ಪಟ್ಟಿ ಹಿಡಿಯುತ್ತಾರೆ. ಇವಳು ಹೆಬ್ಬೆರಳಿನ ಉಗುರು ಎಳೆದಳೆಂದರೆ ಮುಗಿಯಿತು. ಪುಟದ ನಂಬರು ಒಂದರ ಮೇಲೊಂದು ಕೂತಿರುತ್ತಿತ್ತು, ಬೆಳಕಿಗೆ ಹಿಡಿದರೂ ಎರಡಾಗಿ ಕಾಣುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಬರುವುದು ನಿಂತಿತು. ಪುಣೆಯಲ್ಲಿ ಗಾರ್ಮೆಂಟ್ಸ್ ಕೆಲಸ ಸಿಕ್ಕಿದೆ, ಓಣಿಯ ಒಬ್ಬ ಹೆಂಗಸು ಕರೆದುಕೊಂಡು ಹೋದಳು, ಎಂದು ಅವಳ ತಾಯಿ ಹೇಳಿದಳು. ಮುಂಗಡವೆಂದು ಎರಡು ಸಾವಿರ ಕೈಗಿತ್ತಿದ್ದರಂತೆ. ಒಳ್ಳೆಯದಾಯಿತು ಎಂದೆ. ನಮ್ಮ ಭಾಗದಿಂದ ಪುಣೆ, ಸಾಂಗ್ಲಿ, ಮುಂಬೈಗೆ ಹೀಗೆ ಹೋದ ಹುಡುಗಿಯರು ಎಲ್ಲಿಗೆ ಸೇರುತ್ತಾರೆ ಎಂಬುದು ಗದಗಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ನನಗೂ ಗೊತ್ತಿತ್ತು. ಕೇಳಲಿಲ್ಲ.

ಎರಡೂವರೆ ವರ್ಷದ ಮೇಲೆ ಬಂದಳು. ಪೊಲೀಸರ ದಾಳಿಯಲ್ಲಿ ಸಿಕ್ಕಿ, ಅಲ್ಲಿಯ ಸರ್ಕಾರಿ ಗೃಹದಲ್ಲಿದ್ದು, ತಾಯಿಯ ಕೈಗೆ ಬಂದಿದ್ದಳು ಎಂಬುದು ಅವಳಿಗಿಂತ ಮೊದಲೇ ಓಣಿಯೆಲ್ಲ ಹರಡಿ ಪ್ರೆಸ್ಸಿಗೂ ಬಂದಿತ್ತು. ಹೊಸ್ತಿಲ ಹೊರಗೇ ನಿಂತು, "ಮಾಲಕರ, ಮಡಿಚೂ ಕೆಲಸ ಐತೇನ್ರಿ?" ಅಂದಳು. ಒಳಗೆ ಮಡಿಚುತ್ತಿದ್ದ ಉಳಿದ ಮೂವರು ಹೆಂಗಸರ ಕೈ ನಿಂತವು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಸದ್ಯ ಕೆಲಸ ಕಡಿಮಿ ಐತವಾ. ದೀಪಾವಳಿ ಹೊತ್ತಿಗೆ ನೋಡೋಣ" ಅಂದೆ. ಅದು ಸೆಪ್ಟೆಂಬರು. ಕಿರ್ದಿ ಖತಾವಣಿಯ ಕೆಲಸ ತಲೆಯ ಮೇಲೆ ಬಿದ್ದಿದ್ದ ಕಾಲ. ನನ್ನ ಬೆನ್ನ ಹಿಂದೆ ಮಡಿಚದ ಫಾರಂಗಳು ಎದೆಮಟ್ಟ ಇದ್ದವು. ಅವಳಿಗೆ ಅವು ಕಾಣುತ್ತಿದ್ದವು.

ನಾನು ಮಾತಾಡುತ್ತಿದ್ದ ಹೊತ್ತಿನಲ್ಲಿ ಅವಳ ಕೈ ತನ್ನಷ್ಟಕ್ಕೆ ಬಾಗಿಲ ಪಕ್ಕದ ಸ್ಟೂಲಿನ ಮೇಲಿದ್ದ ಒಂದು ಹಾಳೆ ಎತ್ತಿಕೊಂಡಿತ್ತು. ಒಂದು ಮಡಿಕೆ, ಎರಡು, ಮೂರು, ಉಗುರು ಎಳೆದಳು. ಅದನ್ನು ಅಲ್ಲೇ ಇಟ್ಟು, "ಆತು ಬಿಡ್ರಿ" ಎಂದು ಹೋದಳು. ದೀಪಾವಳಿಗೆ ಬರಲಿಲ್ಲ. ನಾನು ಹೇಳಿಕಳಿಸಲೂ ಇಲ್ಲ. ಆಮೇಲೆ ಒಂದು ದಿನ ಬೆಟಗೇರಿಗೆ ಹೋದಾಗ ಅವರ ಮನೆಗೆ ಬೇರೆಯವರು ಬಂದಿದ್ದರು. ಆ ಫಾರಮ್ಮನ್ನು ನಾನು ಬಹಳ ದಿನ ಕ್ಯಾಶ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಪುಟದ ನಂಬರು ಒಂದರ ಮೇಲೊಂದು ಸರಿಯಾಗಿ ಕೂತಿತ್ತು.

ಹಾಗಾಗಿ ಮೇಳದಲ್ಲಿ ಐನೂರು ರೂಪಾಯಿ ಇಟ್ಟ ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅವರು ನನಗಿಂತ ಒಂದು ಹೆಜ್ಜೆ ಮುಂದೆ ಇದ್ದರು, ಟೇಬಲ್ಲಿನವರೆಗಾದರೂ ಬಂದಿದ್ದರು.

ನೋಟ್‌ಬುಕ್ಕಿನಲ್ಲಿ ದೋಷವಿಲ್ಲವೇ ಎಂದರೆ, ಇದೆ. ಬಳಸಲು ಶುರುಮಾಡಿ ಎರಡು ತಿಂಗಳಿಗೆ, ಮಳೆ ಹಿಡಿದ ಮೇಲೆ, ಬೆನ್ನಿನ ಹತ್ತಿರ ಹಾಳೆಗಳು ಅಲೆಅಲೆಯಾಗಿ ಏಳತೊಡಗಿದವು. ತೆರೆದಿಟ್ಟರೆ ಮಲಗುತ್ತಿರಲಿಲ್ಲ, ಬೀಸಣಿಗೆಯಂತೆ ನಿಲ್ಲುತ್ತಿತ್ತು. ಹೊಲಿಗೆಯ ತಪ್ಪಲ್ಲ ಎಂದು ಕೂಡಲೇ ಗೊತ್ತಾಯಿತು. ಒಂದು ಹಾಳೆಯ ತುಂಡು ಒದ್ದೆ ಮಾಡಿ ಸುರುಳಿ ಯಾವ ಕಡೆ ಸುತ್ತುತ್ತದೆ ನೋಡಿದೆ. ಕಾಗದಕ್ಕೂ ಕಟ್ಟಿಗೆಯ ಹಾ‌ಗೆ ಎಳೆ ಇರುತ್ತದೆ. ಎಳೆ ಬೆನ್ನಿನ ಗುಂಟ ಮೇಲಿಂದ ಕೆಳಗೆ ಹೋಗಬೇಕು. ಇದರಲ್ಲಿ ಅಡ್ಡ ಹೋಗಿತ್ತು.

ಬಿಲ್ಲಿನ ನಂಬರಿಗೆ ಫೋನು ಮಾಡಿ, ಮುಂದಿನ ಮೇಳ ಎಲ್ಲಿ ಎಂದು ಕೇಳಿ, ಪುಸ್ತಕ ಚೀಲದಲ್ಲಿ ಹಾಕಿಕೊಂಡು ಹೋದೆ. ಅದೇ ಹುಡುಗಿ. ಪುಸ್ತಕ ತೆರೆದು ಟೇಬಲ್ಲಿನ ಮೇಲಿಟ್ಟೆ. ಅವಳು ಹಾಳೆಯ ಮೇಲೆ ಅಂಗೈ ಆಡಿಸಿ, "ಎಳೆ ಉಲ್ಟಾ, ಗೊತ್ತು" ಅಂದಳು. ಆ ಸಲದ ಕಾಗದದ ರೀಮುಗಳು ಬಂದಾಗ ಮೊದಲ ಹಾಳೆ ಮಡಿಚುವಾಗಲೇ ಮಡಿಕೆ ಒರಟಾಗಿ ಮುರಿಯಿತಂತೆ. 18 ಇಂಚಿನ ಕಡೆ ಇರಬೇಕಾದ ಎಳೆ 23 ಇಂಚಿನ ಕಡೆ ಇತ್ತು. ವಾಪಸು ಕಳಿಸಿದರೆ ಹದಿನೈದು ದಿನ, ಮೇಳ ನಾಲ್ಕು ದಿನಕ್ಕಿತ್ತು. ಐವತ್ತು ಪುಸ್ತಕ ಅದರಲ್ಲೇ ಹೊಲಿದು ತಂದಿದ್ದರು. "ಹೇಳಿ ಮಾರಬೇಕಿತ್ತು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು" ಅಂದಳು.

ಹಳೆಯ ಕಸುಬುದಾರನ ಹುಮ್ಮಸ್ಸಿನಲ್ಲಿ ನಾನು ಉಪಾಯ ಹೇಳಲು ಹೊರಟೆ: ಆ ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಮೂರು ಮಡಿಕೆ ಹಾಕಿದರೆ ಜೇಬಿಗೆ ಹಿಡಿಯುವ ಸಣ್ಣ ಪುಸ್ತಕವಾಗುತ್ತದೆ, ಆಗ ಎಳೆ ತಾನಾಗಿ ಬೆನ್ನಿನ ಗುಂಟ ಬರುತ್ತದೆ. ನನ್ನ ಮಾತು ಮುಗಿಯುವ ಮೊದಲೇ ಅವಳು ಕೆಳಗಿನ ಡಬ್ಬದಿಂದ ಒಂದು ಸಣ್ಣ ಪುಸ್ತಕ ತೆಗೆದು ಮುಂದಿಟ್ಟಳು. ಉಳಿದ ರೀಮುಗಳನ್ನೆಲ್ಲ ಹಾಗೇ ಮಾಡಿ ಮುಗಿಸಿದ್ದರು. ಬಗ್ಗಿಸಿ ನೋಡಿದೆ. ತೆರೆದಿಟ್ಟೆ. ಹಾಳೆ ಎರಡೂ ಕಡೆ ನೀರಿನ ಹಾಗೆ ಮಲಗಿತು. 60 ರೂಪಾಯಿ. ಇದನ್ನು ಕಣ್ಣುಮುಚ್ಚಿ ಕೊಳ್ಳಬಹುದು.

ದೊಡ್ಡದು ಬದಲಿಸಿ ಕೊಡುತ್ತೇನೆ ಅಂದಳು. ಅರ್ಧ ಬರೆದಾಗಿತ್ತು, ಬೇಡ ಅಂದೆ. ಈಗಲೂ ಅದರಲ್ಲೇ ಬರೆಯುತ್ತಿದ್ದೇನೆ. ಹಾಳೆ ಎದ್ದು ನಿಲ್ಲುವುದು ಬಿಟ್ಟರೆ ಎಂಟು ತಿಂಗಳಲ್ಲಿ ಒಂದು ದಾರ ಸಡಿಲಾಗಿಲ್ಲ. ಒಮ್ಮೆ ಚಹಾ ಚೆಲ್ಲಿತು, ನೀಲಿ ಬಟ್ಟೆಯ ಬಣ್ಣ ಅಲ್ಲಿ ಮಸುಕಾಗಿದೆ, ರಟ್ಟು ಉಬ್ಬಿಲ್ಲ. ಬಾಲ್ ಪೆನ್ನು, ಜೆಲ್ ಪೆನ್ನು ಚೆನ್ನಾಗಿ ಓಡುತ್ತವೆ. ಶಾಯಿ ಪೆನ್ನಿನವರಿಗೆ ಮಾತ್ರ ಈ 70 ಜಿಎಸ್‌ಎಂ ತೂಕದ ಕಾಗದ ಸಾಲದು, ಹಿಂದಿನ ಪುಟಕ್ಕೆ ಸ್ವಲ್ಪ ಇಳಿಯುತ್ತದೆ. ಗೆರೆ ಇರುವ ಪುಟಗಳಲ್ಲಿ ಮೇಲಿನ ಅಂಚು ಒಂದೆರಡು ಕಡೆ ಎರಡು ಮಿಲಿಮೀಟರು ಜಾರಿದೆ, ಅದು ಮುದ್ರಣದವರ ತಪ್ಪು.

ಹೊರಡುವಾಗ, ಕಿರ್ದಿ ಪುಸ್ತಕ ಮಾಡುತ್ತೀರಾ ಎಂದು ಕೇಳಿದೆ. ಉದ್ದ ಅಳತೆ, ಕೆಂಪು ಬಟ್ಟೆ, ಮೇಲೆ ಬಿಳಿ ದಾರದ ಅಡ್ಡ ಹೊಲಿಗೆ. ಗದಗಿನಲ್ಲಿ ನನ್ನ ಹಳೆಯ ಗಿರಾಕಿಗಳು ಮೂರು ನಾಲ್ಕು ಮಂದಿ ಇನ್ನೂ ಲಕ್ಷ್ಮೀಪೂಜೆಗೆ ಕೈಹೊಲಿಗೆಯದೇ ಬೇಕು ಎನ್ನುತ್ತಾರೆ. ಅವಳು ನೋಡಿರಲಿಲ್ಲ. ಮನೆಯಲ್ಲಿದ್ದ ಒಂದನ್ನು ಮಗಳ ಕೈಯಲ್ಲಿ ಕಳಿಸಿದೆ. ವಾರ ಬಿಟ್ಟು ಫೋನು ಬಂತು. ಬಿಚ್ಚಿ ನೋಡಿದ್ದಾಳೆ, ನಾನು ಮಾಡಿದ ಹಾಗೆಯೇ. ಅಡ್ಡ ಹೊಲಿಗೆಯ ದಾರ ಯಾವ ನಂಬರಿನದು, ಬಟ್ಟೆಗೆ ಗಂಜಿ ಎಷ್ಟು, ಇಷ್ಟು ಕೇಳಿ ಕೊನೆಗೆ ಅಂದಳು: ಒಂದಕ್ಕೆ 420 ಆಗುತ್ತದೆ, ಹನ್ನೆರಡಕ್ಕಿಂತ ಕಡಿಮೆ ಮಾಡುವುದಿಲ್ಲ, ಅರ್ಧ ಹಣ ಮೊದಲು ಬೇಕು, ಕಾಗದದ ಎಳೆ ನಾನೇ ನೋಡಿ ತರುತ್ತೇನೆ.

ಹನ್ನೆರಡಕ್ಕೆ 5,040. ಅರ್ಧ, 2,520, ಅದೇ ದಿನ ಕಳಿಸಿದೆ.